ಕಳೆದುಹೋದದ್ದನ್ನು ತಿರುಗಿ ನೋಡಿದರೆ ಮನದ ನೋವು ಮಾಯುವದೋ?

ನಮ್ಮ ಕಡೆಯ ಮನೆಗಳಲ್ಲಿ ದುಃಖದ ವಿಷಯವಾಗಿ ಎರಡು ಮಾತುಗಳು ಕೇಳಬರುತ್ತವೆ. "ಆದದ್ದು ಆಗಿಹೋಯಿತು, ಹಳೆಯ ಗಾಯವನ್ನು ಕೆದರಬೇಡ" ಎಂಬದೊಂದು. "ಯಾರ ಮುಂದಾದರೂ ಹೇಳಿಕೋ, ಎದೆಯ ಭಾರ ಇಳಿಯುವದು" ಎಂಬದಿನ್ನೊಂದು. ಒಬ್ಬ ಅಜ್ಜಿಯೇ ಮುಂಜಾನೆ ಮೊದಲನೆಯದನ್ನೂ ಸಂಜೆಗೆ ಎರಡನೆಯದನ್ನೂ ಹೇಳುವದುಂಟು. ಇವುಗಳಲ್ಲಿ ಯಾವದು ದಿಟ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಳ್ಳಲಿಲ್ಲ. ನಾವೇ ಮಾಡಿದ ಒಂದು ತಪ್ಪಿನಿಂದ ಅದು ನಮ್ಮ ಬೆನ್ನುಹತ್ತಿತು.

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಗೆ ಬಂದ ಮಹಾಪೂರವನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರು ಮರೆತಿರಲಾರರು. ಘಟ್ಟದ ಮೇಲೆ ಹಿಡಿದ ಮಳೆ ಬಿಡಲಿಲ್ಲ. ಹಿಡಕಲ್ ಜಲಾಶಯದಿಂದ ನೀರನ್ನು ಹೊಳೆಗೆ ಬಿಡಬೇಕಾಯಿತು. ಲೋಳಸೂರ ಸೇತುವೆ ಮುಳುಗಿತು. ಗೋಕಾಕ ಪಟ್ಟಣದ ತಗ್ಗಿನ ಓಣಿಗಳಲ್ಲಿ ನೀರು ಹೊಕ್ಕಿತು. ದಂಡೆಯ ಹಳ್ಳಿಗಳವರು ಉಟ್ಟ ಬಟ್ಟೆಯಲ್ಲಿಯೇ ಹೊರಬಿದ್ದರು. ಹಾಗೆ ಹೊರಬಿದ್ದ ಒಂದು ಕುಟುಂಬದ ಹುಡುಗಿ ಕಲ್ಲೋಳಿಯಲ್ಲಿದ್ದ ತನ್ನ ಸೋದರತ್ತೆಯ ಮನೆಗೆ ಬಂದು, ಆಗ ನಾವು ಕಲಿಸುತ್ತಿದ್ದ ಎಂಟನೆಯ ವರ್ಗದಲ್ಲಿ ಕುಳಿತಳು. ಅವಳ ಹೆಸರನ್ನು ಇಲ್ಲಿ ಬರೆಯುವದಿಲ್ಲ.

ಮೊದಲನೆಯ ವಾರದಲ್ಲಿಯೇ ನಾವು ಅವಳನ್ನು ಎಬ್ಬಿಸಿ ನಿಲ್ಲಿಸಿ, "ಆ ರಾತ್ರಿ ಏನೇನಾಯಿತೋ ಎಲ್ಲವನ್ನೂ ಹೇಳು, ಹಗುರಾಗುವಿ" ಎಂದೆವು. ನಮ್ಮ ಉದ್ದೇಶವು ಒಳ್ಳೆಯದಿತ್ತು. ಆದರೆ ಉದ್ದೇಶದಿಂದ ಏನಾಗುವದು? ಅವಳು ಎರಡು ಮಾತು ಆಡಿದಳು, ತುಟಿ ನಡುಗಿತು, ಕುಳಿತುಬಿಟ್ಟಳು. ಅಂದಿನಿಂದ ಎಂಟು ದಿವಸ ಸಾಲೆಗೆ ಬರಲಿಲ್ಲ. ಬಂದ ಮೇಲೆಯೂ ತಗಡಿನ ಮೇಲೆ ಮಳೆ ಸುರಿದರೆ ಕಿವಿ ಮುಚ್ಚಿಕೊಳ್ಳುವಳು.

ನಮ್ಮಂಥ ತಪ್ಪನ್ನು ದೊಡ್ಡ ದೊಡ್ಡ ವೈದ್ಯರೂ ಮಾಡಿದ್ದಾರೆಂಬದು ಮುಂದೆ ಓದಲಾಗಿ ತಿಳಿಯಿತು. ೧೯೮೦ರ ದಶಕದಿಂದ ಪಶ್ಚಿಮದೇಶಗಳಲ್ಲಿ, ಅಪಘಾತಕ್ಕೆ ಸಿಕ್ಕವರನ್ನು ಕೆಲವೇ ದಿವಸಗಳೊಳಗೆ ಕೂಡಿಸಿ, ಒಂದೇ ಬೈಠಕಿನಲ್ಲಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯು ರೂಢಿಗೆ ಬಂತು. ಅದರಿಂದ ನಿಜವಾಗಿ ಹಿತವಾಗುವದೋ ಎಂಬದನ್ನು ಪರೀಕ್ಷಿಸಿದವರಲ್ಲಿ ವೇಲ್ಸ್ ದೇಶದ ಕೆಲವು ವೈದ್ಯರೂ ಇದ್ದರು. ಬೆಂಕಿಯಲ್ಲಿ ಸುಟ್ಟ ಗಾಯಗಳಾಗಿ ಆಸ್ಪತ್ರೆಗೆ ಬಂದವರನ್ನು ಅವರು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಮಾತ್ರ ಹೀಗೆ ಹೇಳಿಸಿದರು. ಹದಿಮೂರು ತಿಂಗಳ ಮೇಲೆ ನೋಡಲಾಗಿ, ಹೇಳಿಸಲ್ಪಟ್ಟವರಲ್ಲಿ ನೂರಕ್ಕೆ ೨೬ ಜನರಿಗೂ, ಸುಮ್ಮನೆ ಬಿಡಲ್ಪಟ್ಟವರಲ್ಲಿ ನೂರಕ್ಕೆ ೯ ಜನರಿಗೂ ಆ ಆಘಾತದ ಮನೋರೋಗವು ಉಳಿದಿತ್ತು. ಈ ಫಲವು ೧೯೯೭ರಲ್ಲಿ ಪ್ರಕಟವಾಯಿತು. ಮೊದಲನೆಯ ಗುಂಪಿನವರ ಗಾಯಗಳು ಮೊದಲಿಗೇ ಹೆಚ್ಚಿನವಾಗಿದ್ದವೆಂಬದನ್ನೂ ಹೇಳುವದು ನ್ಯಾಯ. ಆದರೂ ಆ ಪದ್ಧತಿಯಿಂದ ಹಿತವಾಯಿತೆಂದು ಯಾರೂ ಹೇಳುವಂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಹೊರಡಿಸಿದ ಕೈಪಿಡಿಯಲ್ಲಿ, ವಿಪತ್ತಿಗೆ ಸಿಕ್ಕವರನ್ನು ತಮ್ಮ ಕಥೆ ಹೇಳಿರೆಂದು ಒತ್ತಾಯಪಡಿಸಕೂಡದೆಂದೂ, ಹೇಳಬಯಸಿದರೆ ಕಿವಿಗೊಡತಕ್ಕದ್ದೆಂದೂ, ಅನ್ನ, ನೆಲೆ, ಬಂಧುಗಳನ್ನು ಮೊದಲು ಒದಗಿಸಿಕೊಡತಕ್ಕದ್ದೆಂದೂ ಇದೆ.

ಹಾಗಾದರೆ ಅಜ್ಜಿಯ ಮುಂಜಾನೆಯ ಮಾತೇ ಸರಿಯೋ, ಎಂದೂ ಕೆದರಬಾರದೋ? ಅಷ್ಟು ಬೇಗ ತೀರ್ಪು ಕೊಡಲಾಗದು. ಯಾಕಂದರೆ ಹೇಳದೆ ಇದ್ದವಳು ನೆನೆಯದೆ ಇರುವಳೆಂದು ತಿಳಿಯುವದು ಭ್ರಾಂತಿ. ಬಾಯಿ ಮುಚ್ಚಿದ್ದರೂ ಮನಸ್ಸು ಗಾಣದ ಎತ್ತಿನಂತೆ ಸುತ್ತುತ್ತಿರುತ್ತದೆ: "ನನಗೇ ಯಾಕೆ ಹೀಗಾಯಿತು? ನಾನು ಹಾಗೆ ಮಾಡಿದ್ದರೆ?" ಈ ಸುತ್ತಾಟದ ವಿಷಯವಾಗಿ ಒಂದು ವಿಲಕ್ಷಣವಾದ ಪರೀಕ್ಷೆಯು ಅಕಸ್ಮಾತ್ತಾಗಿ ನಡೆಯಿತು. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲನ್ ಹೊಕ್ಸೆಮಾ ಎಂಬ ಪಂಡಿತೆಯು, ದುಃಖವಾದಾಗ ನೀವು ಏನು ಮಾಡುವಿರೆಂದು ವಿದ್ಯಾರ್ಥಿಗಳನ್ನು ಕೇಳಿ ಬರೆದಿಟ್ಟಿದ್ದಳು. ಎರಡು ವಾರಗಳೊಳಗಾಗಿ, ೧೯೮೯ರ ಅಕ್ಟೋಬರ್ ೧೭ರಂದು, ಅಲ್ಲಿ ಭೂಕಂಪವಾಯಿತು. ತಿರುಗಿ ವಿಚಾರಿಸಲಾಗಿ, ದುಃಖವನ್ನೇ ಮೆಲುಕುಹಾಕುವ ಚಾಳಿಯಿದ್ದವರಿಗೆ ಖಿನ್ನತೆಯು ಹೆಚ್ಚಾಗಿಯೂ ಬಹುಕಾಲವೂ ಕಾಡಿತ್ತು. ಮೆಲುಕುಹಾಕುವದೂ ಹಿಂದನ್ನು ನೋಡುವದೇ. ಆದರೆ ಅದರಲ್ಲಿ ಕಥೆ ಮುಂದೆ ಸಾಗುವದಿಲ್ಲ, ಒಂದೇ ಕಡೆ ನಿಂತುಬಿಡುತ್ತದೆ.

ಆದುದರಿಂದ ನೆನೆಯುವದು ಬೇರೆ, ಹೇಳುವದು ಬೇರೆ. ಈ ಭೇದವು ನಮಗೆ ಹೊಳೆಯಲು ಬಹಳ ದಿವಸ ಹಿಡಿಯಿತು. ಕಲ್ಲೋಳಿಯಲ್ಲಿ ರಟ್ಟರ ಕಾಲದ, ಶಕವರ್ಷ ೧೧೨೭ರ ಒಂದು ಶಿಲಾಶಾಸನವು ದೊರೆತಿದೆ. ಶಾಂತಿನಾಥನ ಬಸದಿಗೆ ಕೊಟ್ಟ ದತ್ತಿಯ ಸಂಗತಿ ಅದರಲ್ಲಿದೆ. ಎಂಟುನೂರು ವರ್ಷಗಳು ದಾಟಿದರೂ ಕಲ್ಲಿನ ಅಕ್ಷರವು ಸವೆದೀತೇ ಹೊರತು ಬೇರೊಂದು ಮಾತಾಗುವದಿಲ್ಲ. ಮನಸ್ಸಿನ ನೆನಪು ಹಾಗಲ್ಲ. ನಾವು ಅದನ್ನು ಪ್ರತಿಸಾರಿ ಹೊಸದಾಗಿ ಕಟ್ಟುತ್ತೇವೆಂದು ಆಂಗ್ಲ ಮನಃಶಾಸ್ತ್ರಜ್ಞನಾದ ಬಾರ್ಟ್ಲೆಟ್ಟನು ೧೯೩೨ರಲ್ಲಿಯೇ ತೋರಿಸಿದ್ದಾನೆ. ಇದರಿಂದಲೇ ಆಶೆಯೂ ಉಂಟು, ಭಯವೂ ಉಂಟು. ಹೊಸದಾಗಿ ಕಟ್ಟುವಾಗ ಬಿಟ್ಟುಹೋದ ಕಲ್ಲೊಂದು ಸಿಕ್ಕಬಹುದು, ಇಲ್ಲದ ಕಲ್ಲೊಂದು ಸೇರಲೂಬಹುದು. ಆಗದೆ ಇದ್ದ ಸಂಗತಿಯನ್ನು ಪದೇಪದೇ ಕೇಳಿ ಕೇಳಿ, "ಹೌದು, ನಾನು ಚಿಕ್ಕವನಿದ್ದಾಗ ಪೇಟೆಯಲ್ಲಿ ತಪ್ಪಿಸಿಕೊಂಡಿದ್ದೆ" ಎಂದು ಕೆಲವರು ನಂಬಿದ್ದನ್ನು ಎಲಿಜಬೆತ್ ಲಾಫ್ಟಸ್ ಎಂಬವಳು ೧೯೯೫ರಲ್ಲಿ ಪ್ರಕಟಿಸಿದಳು. ಹೇಳುವವಳ ಬಾಯಿಗೆ ಕೇಳುವವರು ಮಾತು ಹಾಕಬಾರದೆಂಬದು ಇದಕ್ಕೇ.

"ಮಾತಿನ ಚಿಕಿತ್ಸೆ" ಎಂಬ ಹೆಸರನ್ನಿಟ್ಟವಳು ವೈದ್ಯಳಲ್ಲ, ರೋಗಿ. ವಿಯೆನ್ನಾ ನಗರದ ಬರ್ಥಾ ಪಾಪೆನ್‌ಹೈಮ್ ಎಂಬ ತರುಣಿಯು ೧೮೮೦ರಿಂದ ೧೮೮೨ರ ವರೆಗೆ ಬ್ರಾಯರ್ ಎಂಬ ವೈದ್ಯನಿಗೆ ತನ್ನ ಹಿಂದಿನ ಸಂಗತಿಗಳನ್ನು ದಿನಾಲು ಹೇಳುತ್ತಿದ್ದಳು. ಬ್ರಾಯರ್ ಮತ್ತು ಫ್ರಾಯ್ಡ್ ಇವರು ೧೮೯೫ರಲ್ಲಿ ಬರೆದ ಪುಸ್ತಕವನ್ನು ಓದಿದವರಿಗೆ ಅವಳು ಅದರಿಂದಲೇ ಗುಣಹೊಂದಿದಳೆಂದು ತೋರುವದು. ನಿಜವೇನಂದರೆ, ಆ ಚಿಕಿತ್ಸೆ ಮುಗಿದ ವರ್ಷವೇ ಅವಳನ್ನು ಬೇರೊಂದು ಆರೋಗ್ಯಧಾಮದಲ್ಲಿ ಇರಿಸಬೇಕಾಯಿತು. ಮುಂದೆ ಅವಳು ಫ್ರಾಂಕ್‌ಫರ್ಟಿನಲ್ಲಿ ಅನಾಥ ಬಾಲಿಕೆಯರ ಮನೆಯನ್ನು ನಡಿಸಿದಳು. ೧೯೦೪ರಲ್ಲಿ ಯೆಹೂದೀ ಸ್ತ್ರೀಯರ ಸಂಘವನ್ನು ಸ್ಥಾಪಿಸಿದಳು. ೧೯೦೭ರಲ್ಲಿ ನಿರ್ಗತಿಕ ತರುಣಿಯರಿಗಾಗಿ ಆಶ್ರಯಗೃಹವನ್ನು ತೆರೆದಳು. ಅವಳನ್ನು ಎತ್ತಿ ನಿಲ್ಲಿಸಿದ್ದು ಮಾತೋ, ಕೆಲಸವೋ? ಕೆಲಸದ ಪಾಲು ಸಣ್ಣದಲ್ಲವೆಂದು ನಮ್ಮ ಅಭಿಪ್ರಾಯ.

ಹೇಳಲು ಯಾರೂ ಇಲ್ಲದಿದ್ದರೆ ಕಾಗದವಾದರೂ ಆದೀತು. ಪೆನ್ನಬೇಕರ್ ಎಂಬವನು ತನ್ನ ಸಂಗಡಿಗಳೊಡನೆ ೧೯೮೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿವಸ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬಲು ನೋವಿನ ಅನುಭವವನ್ನು ಬರೆದರು. ಬರೆದ ಕೂಡಲೆ ಅವರ ದುಃಖವು ಹೆಚ್ಚಿತು; ಆದರೆ ನಡೆದದ್ದನ್ನೂ ತಮಗಾದ ಸಂಕಟವನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ದವಾಖಾನೆಗೆ ಹೋದದ್ದು ಕಡಿಮೆ. ಆ ಮೇಲಿನ ಅನೇಕ ಪರೀಕ್ಷೆಗಳಲ್ಲಿ ಈ ಲಾಭವು ಸಣ್ಣದೆಂದೇ ಕಂಡುಬಂದಿದೆ. ಸಣ್ಣದಾದರೂ ಒಂದು ವಹಿ, ಒಂದು ಸೀಸಕಡ್ಡಿಗಿಂತ ಹೆಚ್ಚಿನ ವೆಚ್ಚವಿಲ್ಲ.

ನಮ್ಮ ನಾಡಿನ ಹೆಣ್ಣುಮಕ್ಕಳು ಈ ಶಾಸ್ತ್ರವನ್ನು ಓದದೆಯೇ ಬಲ್ಲವರು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ಅಗಲಿಕೆಯನ್ನೂ ಸತ್ತ ಕೂಸನ್ನೂ ಹಾಡಿದರು; ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ "ಗರತಿಯ ಹಾಡು" ಎಂದು ಪ್ರಕಟಿಸಿದರು. ಸತ್ತವರ ಮನೆಯಲ್ಲಿ ಹಾಡ್ಯಾಡಿ ಅಳುವದನ್ನು ಕಂಡು ನಗುವ ಓದುಬಲ್ಲವರುಂಟು. ನಗತಕ್ಕದ್ದೇನಿದೆ? ಅಲ್ಲಿ ಸತ್ತವನ ಬಾಳು ಮೊದಲಿನಿಂದ ಕಡೆಯ ವರೆಗೆ ಹೇಳಲ್ಪಡುವದು, ಕೇಳುವವರು ಸುತ್ತಲೂ ಇರುವರು, ಹಾಡಿಗೆ ಮುಗಿತಾಯವೂ ಇರುವದು. ಕಥೆಯನ್ನೂ ಹಾಡನ್ನೂ ಬಲ್ಲವಳಾಗಿ ಯಾರಿಗೂ ಹೇಳದೆ ಇದ್ದವಳೊಬ್ಬಳನ್ನು ಕುರಿತು ಒಂದು ಕನ್ನಡ ಜನಪದ ಕಥೆಯಿದೆ. ಉಸಿರುಕಟ್ಟಿದ ಆ ಕಥೆಯೂ ಹಾಡೂ ಅವಳು ಮಲಗಿದ್ದಾಗ ಹೊರಬಿದ್ದು ಮನೆಯಲ್ಲಿ ಜಗಳವನ್ನೇ ಹಚ್ಚಿದವು. ಎ. ಕೆ. ರಾಮಾನುಜನ್ನರಿಂದ ಈ ಕಥೆಯನ್ನು ಕೇಳಿದ ಗಿರೀಶ ಕಾರ್ನಾಡರು ತಮ್ಮ "ನಾಗಮಂಡಲ"ದಲ್ಲಿ ಅದನ್ನು ಬಳಸಿಕೊಂಡಿದ್ದಾರೆ.

ಆದರೂ ಒಂದು ಎಚ್ಚರಿಕೆ. ನಿದ್ರೆ ಕೆಟ್ಟು, ಊಟ ಸೇರದೆ, ವಾರಗಟ್ಟಲೆ ಅದೇ ದೃಶ್ಯವು ಕಣ್ಣಿಗೆ ಕಟ್ಟುತ್ತಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ, ಗೆಳತಿಯ ಕಿವಿಯಾಗಲಿ ವಹಿಯಾಗಲಿ ಸಾಲದು. ಬಲ್ಲ ವೈದ್ಯರ ಬಳಿಗೆ ಹೋಗತಕ್ಕದ್ದು. ಧಾರವಾಡದಲ್ಲಿ ಅದಕ್ಕೆಂದೇ ಸರಕಾರದ ದವಾಖಾನೆಯಿದೆ. ೨೦೨೨ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ ೧೪೪೧೬ಕ್ಕೆ ಫೋನು ಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಹಾಗೆ ಕೇಳುವದಕ್ಕೆ ನಾಚತಕ್ಕ ಕಾರಣವಿಲ್ಲ.

ಇನ್ನು ಆ ಹುಡುಗಿಯ ಸಂಗತಿ. ನಾವು ಮತ್ತೆ ಏನನ್ನೂ ಕೇಳಲಿಲ್ಲ. ಸಂಕ್ರಾಂತಿಯ ಮುಂದೆ ಒಂದು ಸಂಜೆ ಅವಳ ಅತ್ತೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದೆವು. ಅವಳು ತಲೆ ಎತ್ತದೆ, "ಎಮ್ಮೀ ಕಣ್ಣಿ ಬಿಚ್ಚಿದ್ನಿರಿ ಅಕ್ಕೋರ, ಕರಾ ಬಿಚ್ಚಲಿಲ್ಲ" ಎಂದಳು. ಐದು ತಿಂಗಳು ಅವಳ ಮನಸ್ಸು ಸುತ್ತುತ್ತಿದ್ದದ್ದು ಆ ಒಂದೇ ಗೂಟವನ್ನು! ನಾವು ಸಮಾಧಾನ ಹೇಳಹೋಗದೆ, "ಅದಕ್ಕೂ ಮೊದಲು ಏನಾತು?" ಎಂದಷ್ಟೇ ಕೇಳಿದೆವು. ಆಗ ಅವಳು ಸಂಜೆಯ ಅಡಿಗೆಯಿಂದ ಹಿಡಿದು ಹೇಳುತ್ತ ಬಂದಳು: ದೀಪ ಹೋದದ್ದು, ಅಪ್ಪ ಕೂಗಿದ್ದು, ಹಿತ್ತಲ ಬಾಗಿಲು ತೆಗೆದದ್ದು, ಎಮ್ಮೆಯ ಕಣ್ಣಿ ಬಿಗಿದಿದ್ದು. ಕರುವಿನ ಕಡೆಗೆ ತಿರುಗಿದೆನೆಂದು ಹೇಳಿ ತಡೆದಳು. ನಾವೂ ಸುಮ್ಮನಿದ್ದೆವು. "ಅವ್ವ ರಟ್ಟಿ ಹಿಡದ ಎಳದ್ಲು" ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ತಾನೇ ಮೊದಲ ಸಲ ಕಂಡವಳಂತೆ, "ನನಗ ಎದಿಮಟಾ ನೀರ ಇತ್ರಿ" ಎಂದಳು. ಆ ಮೇಲೆ ಅತ್ತಳು. ಅವಳ ಅತ್ತೆಯು ಒಳಗಿನಿಂದ ಬಂದು ಹತ್ತಿರ ಕುಳಿತು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಉಳಿದ ಶೇಂಗಾ ಸುಲಿಯತೊಡಗಿದಳು.