ಮನಸ್ಸಿನ ನೆಮ್ಮದಿಗೆ ಆತ್ಮಶಿಸ್ತು



‘ಶಿಸ್ತು’ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ನಮ್ಮಲ್ಲಿ ಅನೇಕರಿಗೆ ಶಾಲೆಯ ಬೆತ್ತ, ಅಪ್ಪನ ಗದರಿಕೆ ನೆನಪಾಗುತ್ತದೆ. ಮಕ್ಕಳಿಗೆ ಶಿಸ್ತು ಬೇಕೆಂದು ದಿನಕ್ಕೆ ಹತ್ತು ಸಲ ಹೇಳುವ ನಾವು, ನಮ್ಮದೇ ಮನಸ್ಸು ಸೋತು ಕುಳಿತಾಗ ಅದೇ ಶಿಸ್ತು ಕೈಹಿಡಿದು ಎತ್ತಬಲ್ಲದು ಎಂದು ಯೋಚಿಸುವುದಿಲ್ಲ. ಈ ವಾರ ಅದನ್ನು ಕುರಿತು ಚಿಂತಿಸೋಣ. ಲೊಯೋಲಾದ ಸಂತ ಇಗ್ನೇಷಿಯಸರ ಬದುಕಿನ ಒಂದು ಪ್ರಸಂಗ ಇದಕ್ಕೆ ನೆರವಾಗುತ್ತದೆ.

ಮನ್ರೇಸಾದಲ್ಲಿ ಕಲಿತ ಪಾಠ

1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸರ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಓದಿದ ಕ್ರಿಸ್ತಚರಿತ್ರೆಯೂ ಸಂತರ ಚರಿತ್ರೆಗಳೂ ಅವರ ಮನಸ್ಸನ್ನು ತಿರುಗಿಸಿದವು. ಮರುವರ್ಷ ಅವರು ಸ್ಪೇನಿನ ಮನ್ರೇಸಾ ಪಟ್ಟಣಕ್ಕೆ ಬಂದು ಕಠಿಣ ತಪಸ್ಸಿಗೆ ತೊಡಗಿದರು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥನೆ, ಭಿಕ್ಷೆ ಬೇಡಿ ಊಟ. ಕೂದಲು, ಉಗುರುಗಳನ್ನು ಸಹ ಕತ್ತರಿಸದೆ ಬಿಟ್ಟರು.

ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ದೊಡ್ಡ ಶಿಸ್ತು ಬೇರೆ ಕಾಣದು. ಆದರೆ ಒಳಗೆ ಅವರಿಗೆ ನೆಮ್ಮದಿಯಿರಲಿಲ್ಲ. ಪಾಪನಿವೇದನೆ ಮಾಡಿ ಬಂದ ಮೇಲೂ ‘ಇನ್ನೂ ಏನೋ ಬಿಟ್ಟುಹೋಯಿತು’ ಎಂಬ ಸಂಶಯ ಕಾಡುತ್ತಿತ್ತು. ಜೀವವನ್ನೇ ಕೊನೆಗಾಣಿಸುವ ಯೋಚನೆಯೂ ಬರುತ್ತಿತ್ತೆಂದು ಮುಂದೆ ತಮ್ಮ ಆತ್ಮಕಥನದಲ್ಲಿ ಅವರೇ ಹೇಳಿದ್ದಾರೆ. ಸಂಶಯ ತೊಲಗಲೆಂದು ಒಂದು ವಾರ ಬಾಯಿಗೆ ಏನನ್ನೂ ಹಾಕದೆ ಉಪವಾಸವಿದ್ದರು. ಕೊನೆಗೆ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಉಪವಾಸ ನಿಲ್ಲಿಸುವಂತೆ ಆಜ್ಞಾಪಿಸಬೇಕಾಯಿತು.

ಅಲ್ಲಿಂದ ಮುಂದೆ ಅವರು ನಿಧಾನವಾಗಿ ಬೇರೊಂದು ಶಿಸ್ತನ್ನು ಕಲಿತರು. ನಿವೇದಿಸಿ ಮುಗಿದ ಪಾಪಗಳನ್ನು ಮತ್ತೆ ಕೆದಕಬಾರದೆಂದು ನಿಶ್ಚಯಿಸಿದರು. ಮಾಂಸಾಹಾರವನ್ನು ಮತ್ತೆ ಆರಂಭಿಸಿದರು; ಕೂದಲು, ಉಗುರು ಕತ್ತರಿಸಿಕೊಂಡರು. ರಾತ್ರಿ ಮಲಗುವ ಹೊತ್ತಿಗೆ ಸರಿಯಾಗಿ ಉನ್ನತವಾದ ದೈವಚಿಂತನೆಗಳು ಬಂದು ನಿದ್ದೆಗೆಡಿಸುತ್ತಿದ್ದವು. ದೇವರಿಗೆಂದು ಇಡೀ ದಿನ ಕೊಟ್ಟಾಗಿದೆ, ಈ ಹೊತ್ತು ನಿದ್ದೆಗೆ ಮೀಸಲು ಎಂದುಕೊಂಡು ಆ ಚಿಂತನೆಗಳನ್ನೂ ಬದಿಗಿಟ್ಟು ಮಲಗಲು ನಿರ್ಧರಿಸಿದರು.

ನೋಡಿದಿರಾ? ದೇಹವನ್ನು ದಂಡಿಸಿದ್ದು ಅವರ ಮನಸ್ಸಿಗೆ ಆಸರೆಯಾಗಲಿಲ್ಲ. ಊಟಕ್ಕೆ ಊಟದ ಹೊತ್ತು, ನಿದ್ದೆಗೆ ನಿದ್ದೆಯ ಹೊತ್ತು ಎಂದು ನಡೆದುಕೊಂಡದ್ದು ಆಸರೆಯಾಯಿತು.

‘ಮನಸ್ಸು ಬರಲಿ’ ಎಂದು ಕಾಯಬೇಡಿ

ಈ ಅನುಭವದಿಂದ ರೂಪುಗೊಂಡ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಅವರ ಕೃತಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದು 1548ರಲ್ಲಿ ಅಚ್ಚಾಯಿತು. ಮನಸ್ಸಿಗೆ ಕತ್ತಲು ಕವಿದಾಗ, ಬೆಳಕಿದ್ದ ದಿನಗಳಲ್ಲಿ ಕೈಗೊಂಡ ನಿರ್ಧಾರಗಳನ್ನು ಬದಲಿಸಬಾರದು ಎಂಬುದು ಅದರಲ್ಲಿ ಬರುವ ಒಂದು ನಿಯಮ. ಕುಗ್ಗಿದ ಮನಸ್ಸು ಒಳ್ಳೆಯ ಸಲಹೆಗಾರನಲ್ಲ. ‘ಇಂದು ಏಳಬೇಡ, ಯಾರನ್ನೂ ನೋಡಬೇಡ, ಊಟವೂ ಬೇಡ’ ಎಂದೇ ಅದು ಹೇಳುತ್ತದೆ. ಅದರ ಮಾತು ಕೇಳಿದಷ್ಟೂ ಇನ್ನಷ್ಟು ಕುಗ್ಗುತ್ತೇವೆ.

ಇಂದಿನ ಮನಶ್ಶಾಸ್ತ್ರವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್ಸನ್ ಮೊದಲಾದ ಮನಶ್ಶಾಸ್ತ್ರಜ್ಞರು ಖಿನ್ನತೆಗೆ ಒಂದು ಚಿಕಿತ್ಸಾಕ್ರಮ ರೂಪಿಸಿದರು. ಉತ್ಸಾಹ ಬಂದ ಮೇಲೆ ಕೆಲಸ ಎಂದು ಕಾಯದೆ, ಸಣ್ಣ ಸಣ್ಣ ಕೆಲಸಗಳನ್ನು ಮೊದಲೇ ಹೊತ್ತು ಗೊತ್ತುಮಾಡಿ ಮಾಡಿಸುವುದು ಅದರ ತಿರುಳು. ಕೆಲಸ ಮಾಡುತ್ತಾ ಹೋದಂತೆ ಮನಸ್ಸು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಮನೆಯಲ್ಲಿ ಸಾವುನೋವು ಆದಾಗ ನಮ್ಮ ಹಿರಿಯರು ‘ಎದ್ದು ಮುಖ ತೊಳ್ಕೋ ಮಗಾ, ಒಂದು ತುತ್ತು ತಿನ್ನು’ ಎನ್ನುವುದರಲ್ಲಿರುವ ವಿವೇಕವೂ ಇದೇ.

ನಿಮ್ಮ ಮನೆಯಲ್ಲಿ ಹೀಗೆ ಮಾಡಿ ನೋಡಿ

1. ಏಳುವ ಹೊತ್ತನ್ನು ಗೊತ್ತುಮಾಡಿ. ರಾತ್ರಿ ನಿದ್ದೆ ಸರಿಯಾಗಿ ಬಾರದಿದ್ದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿ. ಕ್ರಮೇಣ ನಿದ್ದೆ ತಾನೇ ಸರಿಹೋಗಲು ಇದು ನೆರವಾಗುತ್ತದೆ.

2. ಮಲಗುವ ಹೊತ್ತನ್ನು ಕಾಪಾಡಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಸಲಹೆ. ಒಬ್ಬ ಸಂತರು ದೈವಚಿಂತನೆಯನ್ನೇ ಬದಿಗಿಟ್ಟು ಮಲಗಿದರೆಂದ ಮೇಲೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಲು ನಮಗೇನು ಕಷ್ಟ?

3. ದಿನಕ್ಕೊಂದು ಸಣ್ಣ ಕೆಲಸವನ್ನು ತಪ್ಪದೆ ಮಾಡಿ. ಅಂಗಳ ಗುಡಿಸುವುದು, ಹೂಗಿಡಕ್ಕೆ ನೀರು ಹಾಕುವುದು, ಅರ್ಧ ಗಂಟೆ ನಡೆಯುವುದು, ಯಾವುದಾದರೂ ಸರಿ. ನೆಮ್ಮದಿಯ ದಿನವೇ ಅದನ್ನು ಆರಿಸಿಕೊಳ್ಳಿ.

4. ರಾತ್ರಿ ಐದು ನಿಮಿಷ ಆತ್ಮಪರಿಶೋಧನೆ ಮಾಡಿ. ಸಂತ ಇಗ್ನೇಷಿಯಸರು ಹೇಳಿಕೊಟ್ಟ ಕ್ರಮದಲ್ಲಿ ಮೊದಲ ಹೆಜ್ಜೆ ಪಡೆದ ವರಗಳಿಗಾಗಿ ಕೃತಜ್ಞತೆ. ತಪ್ಪುಗಳ ಲೆಕ್ಕ ಆಮೇಲೆ. ಈ ಅನುಕ್ರಮವನ್ನು ತಲೆಕೆಳಗು ಮಾಡಬೇಡಿ.

5. ಒಂದು ದಿನ ತಪ್ಪಿದರೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಮರುದಿನ ಮತ್ತೆ ಆರಂಭಿಸುವುದೂ ಶಿಸ್ತಿನ ಒಂದು ಭಾಗವೇ.

ಒಂದು ಎಚ್ಚರಿಕೆಯ ಮಾತು

ಖಿನ್ನತೆ ಒಂದು ಕಾಯಿಲೆ. ಅದು ಸೋಮಾರಿತನವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಕಾಲು ಮುರಿದವನಿಗೆ ಊರುಗೋಲು ಆಸರೆ ನಿಜ. ಆದರೆ ಮೂಳೆ ಕೂಡಿಸಲು ವೈದ್ಯರೇ ಬೇಕು. ಎರಡು ವಾರಕ್ಕೂ ಮೀರಿ ದುಃಖ, ನಿದ್ರಾಹೀನತೆ, ನಿರಾಸಕ್ತಿ ಮುಂದುವರಿದರೆ ಸಂಕೋಚಪಡದೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಮನೆಯವರಿಗೆ ಕೂಡಲೇ ತಿಳಿಸಿ. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅಂಥವರು ನಿಮ್ಮ ಮನೆಯಲ್ಲಿದ್ದರೆ ‘ಸ್ವಲ್ಪ ಶಿಸ್ತು ಕಲಿ’ ಎಂದು ಗದರಬೇಡಿ. ಜೊತೆಗೆ ಕುಳಿತು ಊಟ ಮಾಡಿ, ಜೊತೆಗೆ ನಡೆಯಿರಿ. ಉಪವಾಸ ಬಿಡು ಎಂದು ಹೇಳುವ ಒಬ್ಬರು ಇಗ್ನೇಷಿಯಸರಿಗೂ ಬೇಕಾಗಿತ್ತು.

ಮನೆಯಲ್ಲಿ ಚಿಂತನೆಗೆ

1. ನಾನು ಶಿಸ್ತು ಎಂದುಕೊಂಡಿರುವುದರಲ್ಲಿ ನನ್ನನ್ನೇ ದಂಡಿಸಿಕೊಳ್ಳುವಂಥದ್ದು ಏನಾದರೂ ಇದೆಯೇ?

2. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಪಾಲಿಸಬಹುದಾದ ಒಂದು ಹೊತ್ತು ಯಾವುದು: ಊಟದ್ದೋ, ಪ್ರಾರ್ಥನೆಯದೋ, ನಿದ್ದೆಯದೋ?

3. ಈ ವಾರ ಯಾರ ಪಕ್ಕದಲ್ಲಿ ನಾನು ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಗಿದೆ?