ಜೋಳದ ದಂಟಿನ ಕಷಾಯ ಮತ್ತು ಹೊಲದ ಕಳೆ: ಕೆಲವು ಅನುಭವದ ಪಾಠಗಳು

1. ಕಳೆಯ ವಯಸ್ಸು ನೋಡಿ ಸಿಂಪಡಿಸಿ. ಎರಡು-ಮೂರು ಎಲೆಯ ಸಸಿಯಾಗಿದ್ದಾಗ ಬಿದ್ದ ಕಷಾಯಕ್ಕೆ ಕಳೆ ಸೊರಗುತ್ತದೆ. ಗೇಣುದ್ದ ಬೆಳೆದದ್ದು ಬಾಡಿದಂತೆ ಮಾಡಿ ಮತ್ತೆ ಎದ್ದು ನಿಲ್ಲುತ್ತದೆ. ಜೇಕು, ಗರಿಕೆಯ ವಿಷಯದಲ್ಲಂತೂ ಆಸೆಯೇ ಬೇಡ. ಎಲೆ ಸುಟ್ಟರೂ ನೆಲದೊಳಗಿನ ಗಡ್ಡೆ, ಬೇರುಕಾಂಡಗಳಿಗೆ ಏನೂ ತಟ್ಟುವುದಿಲ್ಲ. ಅವಕ್ಕೆ ಬೇಸಿಗೆಯಲ್ಲಿ ಆಳವಾಗಿ ಉತ್ತು, ಆಯ್ದು, ಒಣಗಿಸುವುದೇ ಸರಿ.

2. ಕಷಾಯಕ್ಕೆ ನನ್ನ ಮೊದಲ ಆಯ್ಕೆ ಜೋಳ. ಜೋಳ ಕೊಯ್ದ ಹೊಲದಲ್ಲಿ ಮುಂದಿನ ಬೆಳೆ ಒಮ್ಮೊಮ್ಮೆ ಮಂಕಾಗುವುದನ್ನು ಎರೆಭೂಮಿಯ ರೈತರು ಕಂಡೇ ಇರುತ್ತಾರೆ. ಜೋಳದ ಬೇರಿನ ರೋಮಗಳಿಂದ ಜಿನುಗುವ ಸೋರ್ಗೋಲಿಯೋನ್ ಎಂಬ ಎಣ್ಣೆಯಂಥ ವಸ್ತು ಎಳೆ ಕಳೆಯ ದ್ಯುತಿಸಂಶ್ಲೇಷಣೆಯನ್ನೇ ತಡೆಯುತ್ತದೆ. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ದಂಟು ನೆನೆಸಿದ ನೀರಿನಲ್ಲಿ ಕೆಲಸ ಮಾಡುವುದು ಫಿನಾಲಿಕ್ ಆಮ್ಲಗಳು.

ಮಾಗಿ ಒಣಗಿದ ದಂಟನ್ನು ಎರಡು ಸೆಂಟಿಮೀಟರ್ ತುಂಡು ಮಾಡಿ, ಒಂದು ಕಿಲೋಗೆ ಹತ್ತು ಲೀಟರ್ ನೀರು ಹಾಕಿ, 24 ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ಸೋಸುವುದರಲ್ಲಿ ಸೋಮಾರಿತನ ಮಾಡಿದರೆ ಪಂಪಿನ ನಾಜಲ್ ಕಟ್ಟಿಕೊಳ್ಳುತ್ತದೆ. ಕಷಾಯವನ್ನು ಕೂಡಿಡಬೇಡಿ, ಹುಳಿಯಾಗುತ್ತದೆ.

3. ಪೂರ್ತಿ ಕಳೆ ಹೋಗುತ್ತದೆ ಎನ್ನುವವರ ಮಾತು ನಂಬಬೇಡಿ. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾಲಯದವರು ಇದೇ ಕಷಾಯಕ್ಕೆ ‘ಸೋರ್ಗಾಬ್’ ಎಂದು ಹೆಸರಿಟ್ಟು ಗೋಧಿಯಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಅಲ್ಲಿ ಕಳೆ ತಗ್ಗಿದ್ದು ಹೆಚ್ಚೆಂದರೆ ಅರ್ಧದಷ್ಟು. ಮುಂದೆ ಅವರು ಕಡಿಮೆ ಪ್ರಮಾಣದ ಕಳೆನಾಶಕವನ್ನೂ ಅದಕ್ಕೆ ಬೆರೆಸಿ ನೋಡಿದರು, ಫಲವೂ ಸಿಕ್ಕಿತು. ಸಾವಯವದವರಿಗೆ ಆ ದಾರಿಯಿಲ್ಲ. ನಮಗೆ ಉಳಿದ ಅರ್ಧ ಎಡೆಕುಂಟೆಯದು. ಕಷಾಯ ಕಳೆಯನ್ನು ಕೆಲವು ದಿನ ಹಿಡಿದಿಡುತ್ತದೆ, ಅಷ್ಟರಲ್ಲಿ ನೆಲ ಹದಕ್ಕೆ ಬಂದರೆ ಕುಂಟೆ ಹೊಡೆಯಬಹುದು. ಮಳೆ ಹಿಡಿದು ಎತ್ತು ಇಳಿಸಲಾಗದ ವಾರದಲ್ಲಿ ಇದರ ಬೆಲೆ ತಿಳಿಯುತ್ತದೆ.

4. ಉಪ್ಪು ಬೇಡ. ಗಂಜಲ, ಸುಣ್ಣ, ಅಡುಗೆ ಉಪ್ಪು ಕೂಡಿಸಿದ ‘ಸಾವಯವ ಕಳೆನಾಶಕ’ದ ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಕಳೆ ಒಣಗುವುದು ನಿಜ, ಆದರೆ ಅದು ಉಪ್ಪಿನ ಪ್ರತಾಪ. ನೀರು ಬಸಿಯದ ಕಪ್ಪು ಮಣ್ಣಿನಲ್ಲಿ ಆ ಉಪ್ಪು ಎಲ್ಲಿಗೆ ಹೋಗಬೇಕು? ಚೌಳು ಭೂಮಿಯನ್ನು ಕೈಯಾರೆ ಮಾಡಿಕೊಳ್ಳುವ ಕೆಲಸವಿದು.

5. ಕಾಂಗ್ರೆಸ್ ಗಿಡದ ಕಷಾಯವೂ ಮೊಳಕೆ ತಡೆಯುತ್ತದೆ. ಅದರಲ್ಲಿರುವ ಪಾರ್ಥೆನಿನ್ ಕಾರಣ. ಆದರೆ ಹೂ ಬಿಡುವ ಮೊದಲೇ ಕೀಳಬೇಕು, ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು. ಚರ್ಮಕ್ಕೆ ತಗುಲಿದರೆ ಎಬ್ಬಿಸುವ ತುರಿಕೆ ಸಾಮಾನ್ಯದ್ದಲ್ಲ. ಜೋಳದ ದಂಟು ಸಿಗುವಲ್ಲಿ ಇದರ ಉಸಾಬರಿ ಏಕೆ ಎನ್ನುವುದು ನನ್ನ ಅಭಿಪ್ರಾಯ.

6. ಕಷಾಯಕ್ಕೆ ಬೆಳೆ ಯಾವುದು, ಕಳೆ ಯಾವುದು ಗೊತ್ತಾಗುವುದಿಲ್ಲ. ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಕಷಾಯ ಹಾಕಿ, ನಿಮ್ಮ ಬಿತ್ತನೆ ಬೀಜವನ್ನೇ ಮೊಳೆಸಿ ನೋಡಿ. ಮೊಳಕೆ ತಡವಾದರೆ ಬೆಳೆ ಗಟ್ಟಿಯಾಗುವವರೆಗೆ ಸಿಂಪಡಣೆ ಬೇಡ, ಆಮೇಲೂ ಸಾಲಿನ ನಡುವೆ ಮಾತ್ರ, ನಾಜಲ್ ತಗ್ಗಿಸಿ ಹೊಡೆಯಿರಿ.

7. ಮೇವಿನ ದಂಟನ್ನು ಇದಕ್ಕೆ ಸುರಿಯಬೇಡಿ. ದನ ತಿಂದು ಬಿಟ್ಟ ಬುಡ ಸಾಕು. ಸೋಸಿದ ಮೇಲೆ ಉಳಿದ ಚರಟವನ್ನು ಬದನೆ, ಮೆಣಸಿನ ಸಾಲಿನ ನಡುವೆ, ಬುಡದಿಂದ ದೂರಕ್ಕೆ ದಪ್ಪಗೆ ಹಾಸಿ. ಬಿಸಿಲು ಕಾಣದ ನೆಲದಲ್ಲಿ ಏಳುವ ಕಳೆ ಎಷ್ಟೋ ಕಡಿಮೆ.