ಕಡಲಿಲ್ಲದ ನಾಡಿನ ಮೀನು: ಆಳಂದ, ಅಫಜಲಪುರ, ಜೇವರ್ಗಿ

ಮಾಲ್ಡೀವ್ಸ್‌ನಂಥ ಪುಟ್ಟ ದ್ವೀಪರಾಷ್ಟ್ರದಲ್ಲಿ ಊಟದ ಪ್ರೋಟೀನ್ ಬಹುಪಾಲು ಟ್ಯೂನಾ ಮೀನಿನಿಂದ ಬರುತ್ತದೆ. ಆದರೆ ಕಡಲಿಲ್ಲದ ಕಲಬುರಗಿ ಜಿಲ್ಲೆಯಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆಯದೇ ರಾಜ್ಯಭಾರ. ಮೀನೇನಿದ್ದರೂ ಹೊಳೆ, ಕೆರೆಯದು. ಅದನ್ನು ಹಿಡಿಯುವುದಕ್ಕೆ ಒಳನಾಡು ಮೀನುಗಾರಿಕೆ ಎಂದು ಹೆಸರು.

ಪರೀಕ್ಷೆಗೆ ಓದುವವರು ಸ್ಥಳಗಳನ್ನು ನಕ್ಷೆ ನೋಡಿ ಕಲಿಯಿರಿ, ಬಾಯಿಪಾಠ ಉಳಿಯುವುದಿಲ್ಲ. ಅಮರ್ಜಾ ಜಲಾಶಯ ಆಳಂದ ತಾಲ್ಲೂಕಿನ ಕೊರಳ್ಳಿ ಬಳಿ ಇದೆ. ಸೊನ್ನ ಬ್ಯಾರೇಜ್ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಅಡ್ಡಲಾಗಿದೆ. ಅಮರ್ಜಾ ಹೊಳೆ ಭೀಮೆಯನ್ನು ಸೇರುವುದು ಗಾಣಗಾಪುರದಲ್ಲಿ. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿ ಸೇತುವೆಯ ಮೇಲೆ ಅದೇ ಭೀಮೆಯನ್ನು ದಾಟುತ್ತೀರಿ. ಬೇಸಿಗೆಯಲ್ಲಿ ಹೊಳೆಗೆ ನೀರು ಬರಬೇಕಾದರೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯತ್ತ ನೋಡಬೇಕು. ಮೀನಿನ ಪಾಡೂ ಅಷ್ಟೇ.

ಪ್ರಶ್ನೆ ಹೆಚ್ಚಾಗಿ ಬರುವುದು ಗೆಂಡೆ ಮೀನುಗಳ ಮೇಲೆ. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ, ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕದ್ದರಿಂದ ಮೂರನ್ನೂ ಒಂದೇ ಕೆರೆಯಲ್ಲಿ ಸಾಕಬಹುದು. ಆದರೆ ನಿಂತ ನೀರಿನಲ್ಲಿ ಇವು ಸಹಜವಾಗಿ ಮರಿ ಮಾಡುವುದಿಲ್ಲ, ಹಾಗಾಗಿ ಕೆರೆಗೆ ಮರಿ ಬಿತ್ತನೆ ಮಾಡಬೇಕು. 1957ರ ಜುಲೈ 10ರಂದು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದು ಕೊಟ್ಟು ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವೇ ರಾಷ್ಟ್ರೀಯ ಮೀನು ಕೃಷಿಕರ ದಿನ. ನವೆಂಬರ್ 21ರ ವಿಶ್ವ ಮೀನುಗಾರಿಕಾ ದಿನದ ಜೊತೆ ಇದನ್ನು ಕಲಸಿಕೊಳ್ಳುವವರೇ ಹೆಚ್ಚು. ಮೀನುಗಾರಿಕೆಗಾಗಿ ಕೇಂದ್ರ ಸರ್ಕಾರ ತಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರದು, ಮೊತ್ತ 20,050 ಕೋಟಿ ರೂಪಾಯಿ.